ಅದೇ ಜಾಗ, ಅದೇ ಬಿಸಿಲು

ಇಪ್ಪತ್ತಾರು ಹಳೆಯ ಫೋಟೋಗಳಲ್ಲಿ ಇಪ್ಪತ್ತೆರಡಕ್ಕೆ ಜಾಗ ಸಿಕ್ಕಿತ್ತು. ಉಳಿದ ನಾಲ್ಕರಲ್ಲಿ ನಮಗೆಲ್ಲ ತುರ್ತಾಗಿ ಬೇಕಾಗಿದ್ದದ್ದು ಹದಿನೇಳನೆಯದು. ಎರಡು ಡುಬ್ಬದ ಒಂದು ಗುಡ್ಡ, ಅದರ ಮೈತುಂಬ ಮರ, ಬುಡದಲ್ಲಿ ರಾಗಿ ಹೊಲ, ಹೊಲದಲ್ಲಿ ಬಗ್ಗಿ ಕೊಯ್ಲು ಮಾಡುತ್ತಿರುವ ಇಬ್ಬರು ಹೆಂಗಸರು, ಎಡ ಅಂಚಿನಲ್ಲಿ ಮಲಗಿದ ಎಮ್ಮೆಯ ಬೆನ್ನಿನಂಥ ಒಂದು ಬಂಡೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ‘ಗೊರೂರು ಕ್ಯಾಂಪು’ ಎಂದಷ್ಟೇ ಇತ್ತು.

ಗೊರೂರಿನಲ್ಲಿ ಅಣೆಕಟ್ಟು ಏಳುವ ಮೊದಲು ಸರ್ವೆಗೆ ಬಂದವರ ಜೊತೆ ಒಬ್ಬ ಫೋಟೋಗ್ರಾಫರ್ ಇದ್ದನಂತೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಸುತ್ತಲಿನ ತಾಲ್ಲೂಕುಗಳ ಗುಡ್ಡಗಳನ್ನು ಅವನು ತೆಗೆದ ಫೋಟೋಗಳ ಒಂದು ಕಟ್ಟು ಹೇಗೋ ಉಳಿದುಕೊಂಡು, ಪರಿಸರ ಅಧ್ಯಯನ ಮಾಡುವ ಒಂದು ಸಣ್ಣ ತಂಡದ ಕೈ ಸೇರಿತ್ತು. ನೆಗೆಟಿವ್‌ಗಳು ಇರಲಿಲ್ಲ, ಬರೀ ಪ್ರಿಂಟುಗಳು. ಅವನು ನಿಂತ ಜಾಗದಲ್ಲೇ ನಿಂತು, ವರ್ಷದ ಅದೇ ಕಾಲದಲ್ಲಿ, ಅದೇ ಹೊತ್ತಿನ ಬಿಸಿಲಿನಲ್ಲಿ ಮತ್ತೆ ಫೋಟೋ ತೆಗೆಯಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ಗುಡ್ಡದ ಮೇಲೆ ಏನು ಹೋಯಿತು, ಏನು ಬಂತು ಎಂದು ಓದಬೇಕು. ಓದುವುದು ತಂಡದ ಮುಖ್ಯಸ್ಥರ ಕೆಲಸ, ಜಾಗ ಹುಡುಕಿ ತೆಗೆಯುವುದು ನನ್ನ ಕೆಲಸ. ಹಾಸನದಲ್ಲಿ ಮದುವೆ ಫೋಟೋ ತೆಗೆಯುವವರಿಗೇನೂ ಬರವಿಲ್ಲ. ತಂಡದವರು ನನ್ನನ್ನೇ ಹುಡುಕಿಕೊಂಡು ಬಂದದ್ದು, ನಾನು ಹೊಳೆನರಸೀಪುರದಲ್ಲಿ ಅಪ್ಪನ ಡಾರ್ಕ್‌ರೂಮಿನಲ್ಲಿ ಕೈ ಪಳಗಿಸಿಕೊಂಡವಳು, ಹಳೆಯ ಪ್ರಿಂಟನ್ನು ಓದಬಲ್ಲೆ ಎಂಬ ನಂಬಿಕೆಯಿಂದ.

ಕೆಲಸ ಹೇಗೆ ಎಂದು ಸ್ವಲ್ಪ ಹೇಳಬೇಕು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜಿಗಿಯುತ್ತದೆ. ಗುಡ್ಡಕ್ಕೂ ಇದೇ ಲೆಕ್ಕ. ಹತ್ತಿರದ ಬಂಡೆಯ ತುದಿ ದೂರದ ಗುಡ್ಡದ ಯಾವ ತಗ್ಗಿಗೆ ತಾಗಿದೆ ಎಂದು ಹಳೆಯ ಫೋಟೋದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಆಮೇಲೆ ಹೊಲದಲ್ಲಿ ನಡೆಯುತ್ತೇನೆ. ಎಡಕ್ಕೆ ಹೋದರೆ ಬಂಡೆ ಬಲಕ್ಕೆ ಸರಿಯುತ್ತದೆ, ಬಲಕ್ಕೆ ಹೋದರೆ ಎಡಕ್ಕೆ. ಎರಡೂ ತಾಗುವ ಒಂದೇ ಒಂದು ಗೆರೆ ಇರುತ್ತದೆ. ಇಂಥ ಇನ್ನೊಂದು ಜೊತೆ ಸಿಕ್ಕರೆ ಇನ್ನೊಂದು ಗೆರೆ. ಎರಡು ಗೆರೆ ಕೂಡಿದ ಕಡೆ ಅವನ ಕ್ಯಾಮೆರಾ ನಿಂತಿತ್ತು. ಚನ್ನರಾಯಪಟ್ಟಣದ ಕಡೆಯ ಒಂದು ಬರಿಬಂಡೆಯ ಗುಡ್ಡದಲ್ಲಿ ಹೀಗೆ ಹುಡುಕುತ್ತ ಹೋದಾಗ, ಅವನು ಮೂರು ಕಾಲಿನ ಸ್ಟ್ಯಾಂಡು ಜಾರದಿರಲೆಂದು ಬಂಡೆಯಲ್ಲಿ ಉಳಿಯಿಂದ ಕಡಿದುಕೊಂಡ ಮೂರು ಸಣ್ಣ ಗುಳಿಗಳೇ ಸಿಕ್ಕಿದ್ದವು. ನನ್ನ ಸ್ಟ್ಯಾಂಡಿನ ಕಾಲುಗಳನ್ನು ಅವುಗಳೊಳಗೆ ಇಟ್ಟ ದಿನ, ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂದುಕೊಂಡೆ.

ಹದಿನೇಳನೆಯದಕ್ಕೆ ಯಾಕೆ ಅಷ್ಟು ಅವಸರವೆಂದರೆ, ಅರಕಲಗೂಡು ತಾಲ್ಲೂಕಿನ ಒಂದು ಗುಡ್ಡಕ್ಕೆ ಸುತ್ತಲೂ ಬೇಲಿ ಹಾಕಿ, ಸಸಿ ನೆಟ್ಟು, ಕುರಿ ಬಿಡುವುದನ್ನು ನಿಲ್ಲಿಸುವ ಯೋಜನೆಯೊಂದು ತಯಾರಾಗಿತ್ತು. ಊರವರು ಅದನ್ನು ಬೋಳುಗುಡ್ಡ ಅನ್ನುತ್ತಿದ್ದರು. ಅರಣ್ಯದ ಅಧಿಕಾರಿ ನಮ್ಮ ತಂಡವನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರು: ಆ ಗುಡ್ಡದ ಮೇಲೆ ಮೊದಲು ಕಾಡಿತ್ತೇ? ಇತ್ತು ಎಂದು ತೋರಿಸುವ ಫೋಟೋ ಸಿಕ್ಕರೆ ಯೋಜನೆ ಸಲೀಸಾಗಿ ಮುಂದೆ ಹೋಗುತ್ತಿತ್ತು. ಬೋಳುಗುಡ್ಡಕ್ಕೂ ಎರಡು ಡುಬ್ಬ. ಎಡಗಡೆಯದು ದೊಡ್ಡದು, ಬಲಗಡೆಯದು ಚಿಕ್ಕದು. ಫೋಟೋದಲ್ಲೂ ಹಾಗೇ.

ಕಾರ್ತಿಕ ಮುಗಿಯುವ ಹೊತ್ತಿಗೆ ಬೋಳುಗುಡ್ಡದ ಬುಡದಲ್ಲಿ ಮೂರು ದಿನ ತಿರುಗಿದೆ. ಡುಬ್ಬಗಳ ಗೆರೆ ಹೆಚ್ಚುಕಡಿಮೆ ಕೂಡಿತು. ಆದರೆ ಫೋಟೋದಲ್ಲಿ ಚಿಕ್ಕ ಡುಬ್ಬದ ನೆತ್ತಿಯಲ್ಲಿ ಎರಡು ಕಚ್ಚುಗಳಿದ್ದವು, ಇಲ್ಲಿ ಒಂದೇ ಇತ್ತು. ಎಮ್ಮೆಬೆನ್ನಿನ ಬಂಡೆ ಎಲ್ಲೂ ಇರಲಿಲ್ಲ. ಪಕ್ಕದಲ್ಲಿ ಹಳೆಯ ಕಲ್ಲು ಕ್ವಾರಿಯ ಗುಂಡಿಯೊಂದಿತ್ತು. ಬಂಡೆಯನ್ನು ಒಡೆದು ಸಾಗಿಸಿದ್ದಾರೆ, ಒಂದು ಕಚ್ಚು ಸಿಡಿಮದ್ದಿಗೆ ಹಾರಿಹೋಗಿದೆ ಎಂದು ಬರೆದುಕೊಂಡೆ. ಇಲ್ಲದ್ದಕ್ಕೆಲ್ಲ ಕ್ವಾರಿಯೇ ಕಾರಣವಾಯಿತು. ಫೋಟೋದಲ್ಲಿ ನೆರಳು ಎಡಕ್ಕೆ ಬಿದ್ದಿತ್ತು, ಅಂದರೆ ಬಿಸಿಲು ಬಲಗಡೆಯಿಂದ; ಗುಡ್ಡ ತೆಂಕಣಕ್ಕಿದ್ದುದರಿಂದ, ಪಡುವಣದಿಂದ. ಮಧ್ಯಾಹ್ನ ಇಳಿಹೊತ್ತು ಎಂದು ಗೊತ್ತುಮಾಡಿದೆ. ಪ್ರಿಂಟು ಮಿಕ್ಕವಕ್ಕಿಂತ ಕೊಂಚ ಮಸುಕಾಗಿತ್ತು. ಫೋಕಸ್ ತಪ್ಪಿದ್ದಾನೆ, ಅವನೂ ಮನುಷ್ಯನೇ ಅಂದುಕೊಂಡೆ.

ಮೂರನೆಯ ದಿನ ಕುರಿಮಂದೆಯ ಹಿಂದೆ ಒಬ್ಬ ಅಜ್ಜ ಬಂದರು. ಎಪ್ಪತ್ತು ದಾಟಿದ ವಯಸ್ಸು, ಹೆಗಲ ಮೇಲೆ ಕಂಬಳಿ. ನಾನು ಎಲ್ಲಿ ಹೋದರೂ ಪ್ರಿಂಟುಗಳ ದೊಡ್ಡ ಪ್ರತಿಗಳನ್ನು ಲ್ಯಾಮಿನೇಟ್ ಮಾಡಿಸಿಕೊಂಡು ಒಯ್ಯುತ್ತಿದ್ದೆ. ಅಜ್ಜನ ಕೈಗೆ ಕೊಟ್ಟೆ. ತೋಳುದ್ದ ದೂರ ಹಿಡಿದು ನೋಡಿದರು.

“ಇದು ಈ ಗುಡ್ಡ ಅಲ್ಲ ಕಣವ್ವ.”

“ಹೆಂಗೆ ಹೇಳ್ತೀರಜ್ಜ? ಎರಡು ಡುಬ್ಬ ಇದಾವಲ್ಲ?”

“ಡುಬ್ಬ ಅವೆ. ಮರನೂ ಅವಲ್ಲ ಇದ್ರಲ್ಲಿ? ನಂಗೆ ಬುದ್ಧಿ ಬಂದಾಗ್ಲಿಂದ್ಲೂ ಇದು ಬೋಳ್ಗುಡ್ಡನೇ. ನಮ್ಮಪ್ಪನೂ ಅಂಗೇ ಕರೀತಿದ್ದ.”

ಪುಸ್ತಕದಲ್ಲಿ ‘ಸ್ಥಳೀಯರ ಅಭಿಪ್ರಾಯ ಬೇರೆ’ ಎಂದು ಒಂದು ಸಾಲು ಬರೆದೆ. ಸಂಜೆ ಮುಖ್ಯಸ್ಥರಿಗೆ ಫೋನಿನಲ್ಲಿ ಹೇಳಿದಾಗ ಅವರು, “ಬೇಲಿ ಬಂದರೆ ಅವರ ಕುರಿಗೇ ಕುತ್ತು. ಅವರು ಇನ್ನೇನು ಹೇಳ್ತಾರೆ? ಹೆಸರು ಯಾವಾಗ ಬಂತೋ ಯಾರು ಬಲ್ಲರು?” ಅಂದರು. ನನಗೂ ಸರಿ ಅನ್ನಿಸಿತು. ಮುಖ್ಯಸ್ಥರು ಕೆಟ್ಟವರಲ್ಲ, ಇಪ್ಪತ್ತು ವರ್ಷದಿಂದ ಗುಡ್ಡಗಳು ಬರಿದಾಗುವುದನ್ನು ಕಂಡು ಸಂಕಟಪಟ್ಟವರು. ಕಾಡು ಇತ್ತು, ಹೋಯಿತು ಎಂಬುದು ಅವರಿಗೆ ಹೊಸ ಸುದ್ದಿಯಲ್ಲ. ಫೋಟೋ ಅದನ್ನು ಹೇಳಿದಾಗ ನಂಬುವುದು ಸುಲಭವಾಯಿತು.

ಮರುದಿನ ಇಳಿಹೊತ್ತಿನಲ್ಲಿ ಕ್ಯಾಮೆರಾ ಇಟ್ಟು ತೆಗೆದೆ. ಮೇಲೆ ಮರ ತುಂಬಿದ ಗುಡ್ಡ, ಕೆಳಗೆ ಅದೇ ಗುಡ್ಡ ಬೋಳಾಗಿ. ವರದಿಯ ಮೊದಲ ಪುಟಕ್ಕೆ ಆ ಜೋಡಿ ಹೋಯಿತು. ಸೋಮವಾರ ಬೆಳಿಗ್ಗೆ ಪಂಚಾಯಿತಿ ಹಾಲಿನಲ್ಲಿ ಬೇಲಿಯ ಬಗ್ಗೆ ಸಭೆ ಎಂದು ಗೊತ್ತಾಯಿತು.

ಆ ಸೋಮವಾರಕ್ಕೆ ಮುಂಚಿನ ಶುಕ್ರವಾರ ನಾನು ದುದ್ದದ ಕಡೆ ಇದ್ದೆ. ಉಳಿದ ಮೂರರಲ್ಲಿ ಒಂದಕ್ಕೆ ಜಾಗ ಹುಡುಕುತ್ತಿದ್ದೆ. ಮಧ್ಯಾಹ್ನ ಸ್ಕೂಟರ್ ನಿಲ್ಲಿಸಿ, ಬದುವಿನ ಮೇಲೆ ತೆಂಗಿನ ನೆರಳಿನಲ್ಲಿ ಬುತ್ತಿ ಬಿಚ್ಚಿದೆ. ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರು ಹೊರೆ ಕಟ್ಟಿ ಪಕ್ಕದಲ್ಲಿ ಕೂತರು. ಐವತ್ತರ ಸುಮಾರು, ಚುರುಕು ಕಣ್ಣು. ನನ್ನ ಚೀಲದಿಂದ ಇಣುಕುತ್ತಿದ್ದ ಪ್ರಿಂಟುಗಳನ್ನು ನೋಡಿ, “ಏನವ್ವ ಅವು, ಪೋಟನಾ?” ಅಂದರು. ಕೊಟ್ಟೆ. ಒಂದೊಂದನ್ನೇ ತಿರುವಿ ಹಾಕುತ್ತ ಹೋದವರು ಹದಿನೇಳನೆಯದರ ಹತ್ತಿರ ನಿಂತರು. ಗುಡ್ಡ ನೋಡಲಿಲ್ಲ. ಹೊಲ ನೋಡಿದರು.

“ಇದೇನವ್ವ, ಇಬ್ರೂ ಎಡಚೀರೇ ಸಿಕ್ಬುಟ್ಟವ್ರೆ?”

“ಏನಕ್ಕ?”

“ನೋಡಿಲ್ಲಿ. ರಾಗಿ ಕುಯ್ತಾವ್ರೆ. ಇವ್ಳೂ ಎಡಗೈಲಿ ಕುಡ್ಲಿಡ್ದವ್ಳೆ, ಅವ್ಳೂ ಎಡಗೈಲಿ ಇಡ್ದವ್ಳೆ. ಊರಿಗೊಬ್ಳು ಎಡಚಿ ಇರ್ಬೈದು. ಒಂದೇ ಸಾಲ್ನಾಗೆ ಇಬ್ರು ಎಂಗವ್ವ? ಎಡಚಿಗೆ ಅಂತ ಕುಡ್ಲಿಗೆ ಅಲ್ಲು ಕಟ್ಕೊಡೋ ಕುಲುಮೆಯೋನ್ನ ನಾನಂತೂ ಕಂಡಿಲ್ಲ ಕಣವ್ವ.”

ತಾವು ಹಿಡಿದಿದ್ದ ಕುಡುಗೋಲನ್ನು ಎಡಗೈಗೆ ದಾಟಿಸಿ, ಹುಲ್ಲಿನ ಒಂದು ಬುಡಕ್ಕೆ ಹಾಕಿ ಎಳೆದು ತೋರಿಸಿದರು. ಹಲ್ಲು ಕಚ್ಚಲೇ ಇಲ್ಲ, ಹುಲ್ಲು ಬಾಗಿ ಜಾರಿತು.

ನನ್ನ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಇಳಿಯಿತು. ನೆಗೆಟಿವನ್ನು ನೇರವಾಗಿ ಕಾಗದದ ಮೇಲಿಟ್ಟು ಕಾಂಟ್ಯಾಕ್ಟ್ ಪ್ರಿಂಟ್ ಮಾಡುವಾಗ ಅದರ ಹೊಳೆಯುವ ಮುಖ ಮೇಲಿರಬೇಕು, ಮಾಸಲು ಮುಖ ಕಾಗದಕ್ಕೆ ತಾಗಬೇಕು. ಚಿತ್ರ ಇರುವುದು ಮಾಸಲು ಮುಖದಲ್ಲಿ. ಅವಸರದಲ್ಲಿ ಮಗುಚಿ ಇಟ್ಟರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ: ಎಡಬಲ ತಿರುಗುಮುರುಗಾಗುತ್ತದೆ, ಫಿಲ್ಮಿನ ದಪ್ಪ ನಡುವೆ ಬಂದು ಚಿತ್ರ ಕೊಂಚ ಮಸುಕಾಗುತ್ತದೆ. ಹತ್ತನೇ ವಯಸ್ಸಿನಲ್ಲಿ ಇದೇ ತಪ್ಪಿಗೆ ಅಪ್ಪನಿಂದ ಬೆರಳ ಗೆಣ್ಣಿನ ಮೇಲೆ ಏಟು ತಿಂದಿದ್ದೆ. ಆ ಮಸುಕನ್ನು ವಾರಗಟ್ಟಲೆ ನೋಡಿಯೂ ಫೋಕಸ್ಸಿನ ತಪ್ಪು ಅಂದುಕೊಂಡಿದ್ದೆನಲ್ಲ!

ಫೋನಿನಲ್ಲಿದ್ದ ಪ್ರತಿಯನ್ನು ಕನ್ನಡಿಯ ಬಿಂಬದ ಹಾಗೆ ತಿರುಗಿಸಿದೆ. ಇಬ್ಬರು ಹೆಂಗಸರೂ ಬಲಗೈಯಲ್ಲಿ ಕೊಯ್ಯತೊಡಗಿದರು. ದೊಡ್ಡ ಡುಬ್ಬ ಬಲಕ್ಕೆ ಹೋಯಿತು. ಬಂಡೆಯೂ ಬಲಕ್ಕೆ ಬಂತು. ದೊಡ್ಡ ಡುಬ್ಬ ಎಡಕ್ಕಿರುವ, ಒಂದೇ ಕಚ್ಚಿನ ಬೋಳುಗುಡ್ಡ ಅದಾಗಿರಲು ಸಾಧ್ಯವೇ ಇರಲಿಲ್ಲ.

“ಏನಾಯ್ತವ್ವ? ಉಣ್ಣದು ಬುಟ್ಬುಟ್ರಿ?” ಅಂದರು ಆಕೆ.

“ತಪ್ಪು ಗುಡ್ಡಕ್ಕೆ ಹೋಗಿದ್ದೆ ಅಕ್ಕ.”

“ಓಗ್ಲಿ ಬುಡಿ. ಗುಡ್ಡ ಎಲ್ಗೂ ಓಗಕಿಲ್ಲ, ಸರಿಯಾದ್ಕೆ ಓಗಿ ಈಗ.”

ನೇರ ಹಾಸನಕ್ಕೆ ಬಂದು ಸ್ಟುಡಿಯೋದ ಕಂಪ್ಯೂಟರ್ ಮುಂದೆ ಕೂತೆ. ಕೆಲಸ ಶುರುವಾಗುವ ಮೊದಲು ರಸ್ತೆಯಿಂದ ಕಂಡ ಗುಡ್ಡಗಳನ್ನೆಲ್ಲ ಒಂದು ಸುತ್ತು ತೆಗೆದಿಟ್ಟಿದ್ದೆ. ಬರೀ ನೆತ್ತಿಯ ಗೆರೆಗಾಗಿ. ತಿರುಗಿಸಿದ ಹದಿನೇಳನೆಯದನ್ನು ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿಕೊಂಡು, ತೆರೆಯ ಮೇಲೆ ಒತ್ತಿ ಹಿಡಿದು ಒಂದೊಂದೇ ಗುಡ್ಡವನ್ನು ಅದರ ಹಿಂದೆ ತಂದೆ. ಹೊತ್ತು ಇಳಿಯುವ ವೇಳೆಗೆ ಒಂದು ಕೂತಿತು. ಎರಡು ಕಚ್ಚೂ ಕೂತವು. ಗೊರೂರಿನಿಂದ ಹೊಳೆನರಸೀಪುರದ ಕಡೆ ಹೋಗುವಾಗ ಬಲಕ್ಕೆ ಸಿಗುವ ತಾರೆಗುಡ್ಡ. ಆ ದಾರಿಯಲ್ಲಿ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೆನೋ.

ಶನಿವಾರ ಬೆಳಕು ಹರಿಯುವ ಮೊದಲೇ ಹೊರಟೆ. ತಿರುಗಿಸಿ ನೋಡಿದರೆ ನೆರಳು ಬಲಕ್ಕೆ, ಅಂದರೆ ಬಿಸಿಲು ಎಡಗಡೆಯಿಂದ; ಇಲ್ಲೂ ಗುಡ್ಡ ತೆಂಕಣಕ್ಕಿದ್ದುದರಿಂದ, ಮೂಡಣದಿಂದ. ಅವನು ತೆಗೆದದ್ದು ಇಳಿಹೊತ್ತಿನಲ್ಲಲ್ಲ, ಬೆಳಿಗ್ಗೆ ಎಂಟೂವರೆಯ ಆಚೀಚೆ. ರಾಗಿ ಹೊಲ ಈಗ ತೆಂಗಿನ ತೋಟವಾಗಿತ್ತು. ತೋಟದ ಯಜಮಾನರು ಪಂಪ್‌ಸೆಟ್ ಮನೆಯ ಹತ್ತಿರ ಸಿಕ್ಕರು. ಫೋಟೋ ತೋರಿಸಿ, ಇಂಥದೊಂದು ಬಂಡೆ ಇತ್ತೇ ಎಂದು ಕೇಳಿದೆ.

“ಇತ್ತಾ ಅಂದ್ರೆ? ಬಂಡೆ ಎಲ್ಗೋಯ್ತದಕ್ಕ?” ಎಂದು ಪಂಪ್‌ಮನೆಯ ಹಿಂಬದಿಗೆ ಕರೆದೊಯ್ದರು. “ಇದೇ ನಮ್ ಪಂಪ್‌ಮನೆ ಗ್ವಾಡೆ.”

ಎಮ್ಮೆಯ ಬೆನ್ನು ಅಲ್ಲೇ ಇತ್ತು. ಅದಕ್ಕೆ ಆನಿಸಿ ಮೂರು ಕಡೆ ಇಟ್ಟಿಗೆ ಗೋಡೆ ಎಬ್ಬಿಸಿ ಮೇಲೆ ಶೀಟು ಹೊದಿಸಿದ್ದರು. ರಸ್ತೆಯಿಂದ ನೋಡಿದರೆ ಬರೀ ಪಂಪ್‌ಮನೆ.

ಜಾಗ ಗೊತ್ತಾಯಿತು, ಆದರೆ ಗುಡ್ಡ ಕಾಣಲಿಲ್ಲ. ಹಿನ್ನೀರಿನ ಕಡೆಯಿಂದ ಎದ್ದ ಮಂಜು ತೋಟದ ಗರಿಗಳ ತನಕ ಇಳಿದು ಕೂತಿತ್ತು. ಎಂಟೂವರೆ ಆಯಿತು, ಒಂಬತ್ತಾಯಿತು. ಮಂಜು ಎದ್ದಾಗ ಹತ್ತು ಸಮೀಪಿಸಿತ್ತು, ಗುಡ್ಡದ ಮೈಯ ಕೊರಕಲುಗಳ ನೆರಳುಗಳು ಹಳೆಯ ಫೋಟೋದ ನೆರಳಿಗಿಂತ ಎಷ್ಟೋ ಮೋಟಾಗಿದ್ದವು. ಸುಮ್ಮನೆ ಒಂದು ತೆಗೆದು ಮುಖ್ಯಸ್ಥರಿಗೆ ಕಳಿಸಿ, ಫೋನ್ ಮಾಡಿ ಪ್ರಿಂಟು ತಿರುಗಿದ್ದನ್ನು ಹೇಳಿದೆ. ತೆಂಗಿನ ಗರಿಗಳ ನಡುವೆ ಗುಡ್ಡ ಅರ್ಧಂಬರ್ಧ ಕಂಡ ಫೋಟೋ ಅದು.

ಅವರು ಫೋಟೋ ತೆರೆದು ನೋಡಿದರು. ಆಮೇಲೆ, “ಇದರಲ್ಲಿ ನನಗೆ ಏನೂ ಖಾತ್ರಿ ಆಗ್ತಿಲ್ಲ. ಸೋಮವಾರದ ಸಭೆ ಮುಗಿಯಲಿ. ತಪ್ಪಿದ್ದರೆ ಆಮೇಲೆ ತಿದ್ದುಪಡಿ ಕಳಿಸೋಣ” ಅಂದರು.

“ಸರ್, ಸಭೆ ಆದಮೇಲೆ ಬೇಲಿ ಬೀಳುತ್ತೆ. ತಿದ್ದುಪಡಿ ಕಡತದಲ್ಲಿ ಕೂರುತ್ತೆ.”

“ಬೇಲಿ ಬಿದ್ದರೆ ಗುಡ್ಡಕ್ಕೆ ಒಳ್ಳೇದೇ ಅಲ್ವಾ?”

ಒಳ್ಳೇದೇ ಇರಬಹುದು. ಅದನ್ನು ತೀರ್ಮಾನಿಸುವ ವಿದ್ಯೆ ನನ್ನದಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ಒಂದು ಗುಡ್ಡದ ಫೋಟೋ ಇನ್ನೊಂದು ಗುಡ್ಡದ ಮೇಲೆ ಸಾಕ್ಷಿ ಹೇಳಬಾರದು. ಆ ಕುರಿಯಜ್ಜ ನಿಜ ಹೇಳಿದ್ದರು. ಅದನ್ನು ‘ಅಭಿಪ್ರಾಯ’ ಎಂದು ಬರೆದುಕೊಂಡವಳು ನಾನು.

“ನಾಳೆ ಬೆಳಿಗ್ಗೆ ಎಂಟಕ್ಕೆ ನೀವೇ ಬನ್ನಿ ಸರ್. ನಾನು ತೋರಿಸೋ ಜಾಗದಲ್ಲಿ ನಿಂತು ನೋಡಿ. ನಿಮಗೆ ಒಪ್ಪಿಗೆ ಆಗಲಿಲ್ಲ ಅಂದ್ರೆ ನಾನು ಬಾಯಿ ಬಿಡಲ್ಲ. ಬರಲಿಲ್ಲ ಅಂದ್ರೆ ಸೋಮವಾರ ಸಭೆಗೆ ನಾನೇ ಬಂದು ಹೇಳ್ತೀನಿ” ಅಂದೆ.

ಹೇಳಿದ ಮಾತು ವಾಪಸು ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಅವತ್ತು ಮಧ್ಯಾಹ್ನವೆಲ್ಲ ತೋಟದಲ್ಲೇ ಕಳೆದೆ. ಮೊದಲ ಗೆರೆ ಬಂಡೆಯಿಂದ ಸಿಕ್ಕಿತು: ಬಂಡೆಯ ನೆತ್ತಿ ದೊಡ್ಡ ಡುಬ್ಬದ ಹೆಗಲಿಗೆ ತಾಗಬೇಕು. ಎರಡನೆಯ ಗೆರೆಗೆ ಕೊರಕಲಿನ ಬಾಯಲ್ಲಿದ್ದ ಒಂದು ಗುಂಡುಕಲ್ಲು, ಅದರ ಹಿಂದಿನ ಕಚ್ಚು. ಎರಡೂ ಕೂಡಿದ್ದು ತೆಂಗಿನ ಎರಡು ಸಾಲುಗಳ ನಡುವೆ. ಅದೃಷ್ಟಕ್ಕೆ ಅಲ್ಲಿಂದ ಗುಡ್ಡ ತೆರೆದಿತ್ತು. ಆದರೂ ಎತ್ತರ ಕೂಡಲಿಲ್ಲ. ನಾನೆಷ್ಟು ನೆಟ್ಟಗೆ ನಿಂತರೂ ಅವನು ನನಗಿಂತ ಎತ್ತರದಿಂದ ನೋಡಿದ್ದ. ಯಜಮಾನರನ್ನು ಕೇಳಿದರೆ, “ಅಲ್ಲೊಂದು ದೊಡ್ಡ ಬದು ಇತ್ತು ಕಣಕ್ಕ, ತ್ವಾಟ ಮಾಡಾಗ ಮಟ್ಟ ಮಾಡ್ದೊ” ಅಂದರು. ಮೂರಡಿ ಎತ್ತರ ಬೇಕಿತ್ತು. ಅವರೇ ಟ್ರ್ಯಾಕ್ಟರಿನ ಟ್ರೇಲರನ್ನು ತಂದು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟರು.

ಭಾನುವಾರ ಮುಖ್ಯಸ್ಥರು ಎಂಟಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಮುಖ ಬಿಗಿದುಕೊಂಡಿದ್ದರು. ಮಂಜು ಅವತ್ತೂ ಇತ್ತು. ಟ್ರೇಲರಿನ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ನಾನು, ಇನ್ನೊಂದು ಪಕ್ಕದಲ್ಲಿ ಅವರು. ಯಾರು ಕಾಲು ಬದಲಿಸಿದರೂ ಟ್ರೇಲರ್ ಅಲುಗುತ್ತಿತ್ತು.

“ಅಲುಗಾಡಬೇಡಿ ಸರ್” ಅಂದೆ.

“ಉಸಿರಾದರೂ ಆಡಬಹುದಾ?” ಅಂದರು. ಆ ಬೆಳಿಗ್ಗೆ ಅವರ ಬಾಯಿಂದ ಬಂದ ಮೊದಲ ಹಗುರ ಮಾತು ಅದು.

ಎಂಟೂ ಕಾಲಿಗೆ ಪಂಪ್‌ಮನೆಯ ಶೀಟು ಕಂಡಿತು. ಎಂಟೂ ಇಪ್ಪತ್ತಕ್ಕೆ ಕೊರಕಲಿನ ಬಾಯಿ. ಮಂಜು ಕೆಳಗಿನಿಂದ ಸೀಳುತ್ತ ಮೇಲೇರಿತು. ಚಿಕ್ಕ ಡುಬ್ಬ ಬಂತು, ಅದರ ಎರಡು ಕಚ್ಚು ಬಂದವು, ದೊಡ್ಡ ಡುಬ್ಬ ಮಾತ್ರ ಕೊನೆಯ ತನಕ ಮುಸುಕು ಹಾಕಿಕೊಂಡೇ ಇತ್ತು. ಕೊರಕಲಿನ ನೆರಳು ಒಂದು ಬಿಳಿ ಬಂಡೆಯನ್ನು ಅರ್ಧ ನುಂಗಿರುವುದು ಹಳೆಯ ಫೋಟೋದಲ್ಲಿತ್ತು. ನೆರಳು ಅದೇ ಬಂಡೆಯ ಮೇಲೆ ಹಿಂದೆ ಸರಿಯುತ್ತಿತ್ತು. ಮುಕ್ಕಾಲು ನೆರಳು, ಇನ್ನೂ ಕೊಂಚ, ಅರ್ಧ. ಆಗ ದೊಡ್ಡ ಡುಬ್ಬದ ನೆತ್ತಿ ಬಯಲಾಯಿತು. ಆರು ಸಲ ಒತ್ತಿದೆ.

ಮುಖ್ಯಸ್ಥರು ಪಾರದರ್ಶಕ ಹಾಳೆ ಕೇಳಿ ಇಸಿದುಕೊಂಡರು. ಒಂದು ಕಣ್ಣು ಮುಚ್ಚಿ, ಹಾಳೆಯನ್ನು ಗುಡ್ಡದ ಮುಂದೆ ಹಿಡಿದರು. ಹಾಳೆ ಹಿಂದೆಮುಂದೆ ಮಾಡಿದರು. ಒಂದು ಕಡೆ ಕೈ ನಿಂತುಬಿಟ್ಟಿತು.

“ಕೂತ್ಕೊಂಡ್ತು” ಅಂದರು. ಹಾಳೆ ಕೆಳಗಿಳಿಸಿ, “ಮರಗಳು ಇದಾವೆ ಕಣ್ರೀ” ಅಂದರು.

ಇದ್ದವು. ಕೊರಕಲುಗಳ ಮರ ಹಾಗೇ ಇತ್ತು, ಕೆಲವು ಕಡೆ ಮುಂಚಿಗಿಂತ ಒತ್ತಾಗಿತ್ತು. ಗುಡ್ಡದ ಸೊಂಟದಲ್ಲಿ ಮರಗಳ ನಡುವೆ ಹುಲ್ಲಿದ್ದ ಜಾಗವನ್ನು ಲಂಟಾನದ ಪೊದೆ ಹಿಡಿದಿತ್ತು. ಈ ಗುಡ್ಡಕ್ಕೂ ಕುರಿ ಬರುತ್ತವೆಯೇ ಎಂದು ಅವರು ಯಜಮಾನರನ್ನು ಕೇಳಿದರು. “ಬರ್ದೆ ಏನು ಸಾ? ನಮ್ ತಾತನ ಕಾಲ್ದಿಂದ್ಲೂ ಬತ್ತಾವೆ” ಎಂಬ ಉತ್ತರ ಬಂತು. ಅವರು ಟ್ರೇಲರಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಪುಸ್ತಕದಲ್ಲಿ ಬರೆಯತೊಡಗಿದರು. ಬರೆಯುವುದು ಮುಗಿದ ಮೇಲೆ ನನ್ನ ಕಡೆ ತಿರುಗಿ, “ನೀವು ಹೇಳಬೇಕಾಗಿಲ್ಲ. ನಾಳೆ ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿರಿ ಸಾಕು” ಅಂದರು. ಅವರ ಮೇಲಿದ್ದ ಗೌರವ ಅವತ್ತು ಒಂದು ತೂಕ ಹೆಚ್ಚಿತು.

ಸೋಮವಾರ ಪಂಚಾಯಿತಿ ಹಾಲು ತುಂಬಿತ್ತು. ಕುರಿ ಸಾಕಿದವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಬೋಳುಗುಡ್ಡದ ಅಜ್ಜ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದರು. ಮುಖ್ಯಸ್ಥರು ಎದ್ದು, ವರದಿಯ ಮೊದಲ ಪುಟದ ಜೋಡಿ ತಪ್ಪು, ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇವೆ ಅಂದರು. ಪ್ರಿಂಟು ಹೇಗೆ ತಿರುಗಿತ್ತು, ನಿಜವಾದ ಗುಡ್ಡ ಯಾವುದು ಎಂದು ಪರದೆಯ ಮೇಲೆ ತೋರಿಸುವಂತೆ ನನ್ನನ್ನು ಕರೆದರು. ತೋರಿಸಿದೆ. ಕಚ್ಚು ಮಾಯವಾದದ್ದಕ್ಕೆ ಕ್ವಾರಿಯನ್ನು ಕಾರಣ ಮಾಡಿದ್ದು ನನ್ನ ತಪ್ಪು ಎಂದೂ ಹೇಳಿದೆ.

ಅರಣ್ಯದ ಅಧಿಕಾರಿಗೆ ಸಿಟ್ಟು ಬಂದದ್ದು ಕಾಣುತ್ತಿತ್ತು. ಅವರದು ನ್ಯಾಯವಾದ ಸಿಟ್ಟೇ. “ಹಂಗಾದ್ರೆ ಬೋಳುಗುಡ್ಡದ ಮೇಲೆ ಮೊದಲು ಏನಿತ್ತು?” ಅಂದರು.

“ಗೊತ್ತಿಲ್ಲ ಸರ್” ಅಂದರು ಮುಖ್ಯಸ್ಥರು. “ಆ ಗುಡ್ಡದ ಹಳೇ ಫೋಟೋ ನಮ್ಮ ಹತ್ರ ಒಂದೂ ಇಲ್ಲ.”

“ಕುರಿ ಮೇಯ್ಸಿ ಬೋಳಾಯ್ತೋ, ಮೊದಲೇ ಬೋಳೋ?”

“ಅದೂ ಗೊತ್ತಿಲ್ಲ.”

ಹಾಲಿನಲ್ಲಿ ಗುಸುಗುಸು ಶುರುವಾಯಿತು. ಗೋಡೆ ಪಕ್ಕದಿಂದ ಯಾರೋ, “ಗೊತ್ತಿಲ್ಲ ಅಂದ್ಮ್ಯಾಕೆ ಬೇಲಿ ಯಾಕೆ?” ಎಂದು ಕೂಗಿದರು. ಅಧಿಕಾರಿ, “ಗೊತ್ತಿಲ್ಲ ಅಂತ ಗುಡ್ಡನ ಹಿಂಗೇ ಬಿಡೋಕಾಗುತ್ತೇನ್ರೀ?” ಅಂದರು. ಎರಡೂ ಮಾತು ನನಗೆ ಸರಿ ಅನ್ನಿಸಿತು, ಅದೇ ತೊಡಕು.

ಆಗ ಅಜ್ಜ ನೆಲಕ್ಕೆ ಕೈಯೂರಿ ಎದ್ದರು. ನನ್ನ ಕಡೆ ನೋಡಲಿಲ್ಲ. ಅವತ್ತೇ ಹೇಳಿದ್ದೆನಲ್ಲ ಎಂದು ಹಂಗಿಸಲೂ ಇಲ್ಲ. ಅಧಿಕಾರಿಗೆ ಕೈಮುಗಿದು, “ಸಾ, ನಾನೊಂದ್ಮಾತು ಯೋಳ್ತೀನಿ. ಗುಡ್ಡಕ್ಕೆ ಎಲ್ಡು ಮಗ್ಗುಲವೆ. ಮೂಡ್ಲು ಮಗ್ಗುಲ್ಗೆ ಬೇಲಿ ಆಕ್ಕಳಿ, ನಾವು ಅತ್ಲಾಗೆ ಕುರಿ ತಿರ್ಗ್ಸದಿಲ್ಲ. ಪಡುವ್ಲು ಮಗ್ಗುಲು ನಮ್ಗೆ ಬುಡಿ. ಈಯವ್ವ ಎಲ್ಡುನ್ನೂ ಪಟ ಇಡೀಲಿ. ಕುರಿಯಿಂದ ಬೋಳೋ, ಕಲ್ಲಿಂದ ಬೋಳೋ, ಪಟನೇ ಯೋಳ್ಳಿ. ಪಟ ಯೋಳಿದ್ಮ್ಯಾಕೆ ನಾವೂ ಮಾತಾಡಕಿಲ್ಲ, ನೀವೂ ಮಾತಾಡ್ಬೇಡಿ” ಅಂದರು.

ಮುಖ್ಯಸ್ಥರು ನನ್ನ ಕಡೆ ಬಾಗಿ, “ಇಷ್ಟು ಸರಿಯಾಗಿ ನಾನು ಯೋಚನೆ ಮಾಡಿರಲಿಲ್ಲ” ಎಂದು ಪಿಸುಗುಟ್ಟಿದರು. ಅಧಿಕಾರಿ ಒಪ್ಪಲು ಮತ್ತೂ ಒಂದು ತಾಸು ಹಿಡಿಯಿತು. ಬೇಲಿಯ ಉದ್ದ ಎಷ್ಟು, ನೀರಿನ ಗುಂಡಿ ಯಾವ ಕಡೆ ಉಳಿಯಬೇಕು, ಬೇಲಿಯೊಳಗಿನ ಹುಲ್ಲನ್ನು ಕೊಯ್ದೊಯ್ಯಬಹುದೇ ಎಂದು ಜಗ್ಗಾಡಿದರು. ನೀರಿನ ಗುಂಡಿ ಕುರಿಗಳ ಕಡೆಗೆ ಉಳಿಯಿತು. ಹುಲ್ಲು ಕೊಯ್ಯಲು ಒಪ್ಪಿಗೆ ಸಿಕ್ಕಿತು. ಸಸಿ ನೆಡುವುದನ್ನು ಮುಖ್ಯಸ್ಥರೇ ಬೇಡ ಅಂದರು. ತಾನಾಗಿ ಏನು ಏಳುತ್ತದೋ ನೋಡೋಣ ಅಂದರು.

ಮರುದಿನ ಬೆಳಿಗ್ಗೆ ಬೋಳುಗುಡ್ಡದ ಎದುರು, ಎರಡೂ ಮಗ್ಗುಲು ಒಟ್ಟಿಗೆ ಕಾಣುವ ಒಂದು ಹಾಸುಬಂಡೆಯ ಮೇಲೆ ಕ್ಯಾಮೆರಾ ಇಟ್ಟೆ. ಮುಂದೆ ಬರುವವರಿಗೆ ಕಷ್ಟವಾಗದಿರಲೆಂದು ಸ್ಟ್ಯಾಂಡಿನ ಮೂರು ಕಾಲಿನ ಜಾಗದಲ್ಲೂ ಬಂಡೆ ಕೊರೆದು ಹಿತ್ತಾಳೆಯ ಮೊಳೆ ಕೂರಿಸಿದೆ. ಲೆನ್ಸು, ಎತ್ತರ, ದಿಕ್ಕು, ಹೊತ್ತು ಎಲ್ಲ ಬರೆದುಕೊಂಡೆ. ಯಾವುದು ಎಡ, ಯಾವುದು ಬಲ ಎಂಬುದನ್ನೂ ಬರೆದೆ. ಅಜ್ಜ ಕೋಲೂರಿಕೊಂಡು ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

“ಎಷ್ಟು ವರ್ಸ ಆಯ್ತದವ್ವ, ಇದು ಮಾತಾಡಕೆ?”

“ಹತ್ತು ಹದಿನೈದು ವರ್ಷ ಬೇಕಾಗಬೋದು ಅಜ್ಜ.”

“ಅಷ್ಟೊತ್ಗೆ ನಾನಿರಕಿಲ್ಲ ಬುಡು” ಅಂದರು. ಹೇಳುವಾಗ ಬೇಸರವೇನೂ ಇರಲಿಲ್ಲ. “ಕುರಿ ಇರ್ತವಲ್ಲ.”

ಬಾಯಿಂದ ಒಂದು ಸದ್ದು ಮಾಡಿದರು. ಮೂಡಲು ಮಗ್ಗುಲಿಗೆ ಹೊರಟಿದ್ದ ಮಂದೆ ನಿಂತಿತು, ತಿರುಗಿತು, ಪಡುವಲಿನ ಇಳಿಜಾರಿಗೆ ಇಳಿಯತೊಡಗಿತು. ಕೊನೆಯ ಕುರಿ ಬೇಲಿ ಬರಲಿದ್ದ ಗೆರೆ ದಾಟುವ ತನಕ ಕಾದು, ಕ್ಯಾಮೆರಾದ ಗುಂಡಿ ಒತ್ತಿದೆ.